ಸೆಕೆಂಡ್ ಹ್ಯಾಂಡ್ ಪಿಎಸ್5 ನೋಡಿ ತಗೊಳೋದ್ ಹೇಗೆ (ಪಿಎಸ್6ಗೆ ಕಾಯ್ತಾ ಕೂತಿರೋ ತುಮಕೂರು ಹುಡುಗ್ರಿಗೆ)

ಕ್ಯಾತ್ಸಂದ್ರದಲ್ಲಿರೋ ನಮ್ ಚಿಕ್ಕಪ್ಪನ ಮಗ ಒಂದು ವರ್ಷದಿಂದ ಒಂದೇ ಪ್ರಶ್ನೆ ಕೇಳ್ತಿದಾನೆ, ತಟ್ಟೆ ಇಡ್ಲಿ ತಿನ್ನೋಕೆ ಕೂತಾಗೆಲ್ಲ. "ಅಣ್ಣ, ಈಗ ತಗೊಳ್ಳಾ, ಇಲ್ಲ ಪಿಎಸ್6 ಬರ್ಲಿ ಅಂತ ಕಾಯ್ಲಾ?" ಪಿಎಸ್ ಅಂದ್ರೆ ಸೋನಿಯವರ ಪ್ಲೇಸ್ಟೇಷನ್, ಟಿವಿಗೆ ಹಾಕಿ ಗೇಮ್ ಆಡೋ ಮೆಷಿನ್. ಅವನಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದೇ ಹಾಕ್ತಿದೀನಿ.

ಮೊದ್ಲು ಕಾಯೋ ವಿಷ್ಯ ಮುಗಿಸೋಣ. ಪಿಎಸ್1 ಬಂದಿದ್ದು 1994, ಪಿಎಸ್2 2000, ಪಿಎಸ್3 2006, ಪಿಎಸ್4 2013, ಪಿಎಸ್5 2020. ಅಂದ್ರೆ ಆರೇಳು ವರ್ಷಕ್ಕೊಂದು. 2025ರ ಅಕ್ಟೋಬರಲ್ಲಿ ಸೋನಿ ಕಡೆಯಿಂದ ಪಿಎಸ್5 ಡಿಸೈನ್ ಮಾಡಿದ ಮಾರ್ಕ್ ಸರ್ನಿ, ಚಿಪ್ ಮಾಡೋ ಎಎಂಡಿಯವರ ಜೊತೆ ಕೂತು ಮುಂದಿನ ಚಿಪ್ ಬಗ್ಗೆ ಮಾತಾಡಿದ್ರು, ರೇ ಟ್ರೇಸಿಂಗಿಗೆ (ಬೆಳಕು ನೆರಳು ನಿಜದ ಥರ ತೋರಿಸೋದು) ಬೇರೆ ಕೋರ್, ಮೆಮೊರಿ ಉಳಿಸೋಕೆ ಹೊಸ ಕಂಪ್ರೆಷನ್ ಅದು ಇದು, ಕೇಳೋಕೆ ಚೆನ್ನಾಗೇ ಇತ್ತು, ಆದ್ರೆ ಯಾವಾಗ ಅಂದ್ರೆ ಇನ್ನು ಕೆಲವು ವರ್ಷದಲ್ಲಿ ಅಂದ್ರು ಅಷ್ಟೇ. ಹೊರದೇಶದಲ್ಲಿ ಬಂದ ದಿನವೇ ಇಲ್ಲಿಗೂ ಬರುತ್ತೆ ಅನ್ಕೊಂಡ್ರೆ ಅದೂ ಸುಳ್ಳು. ಪಿಎಸ್5 ಅಮೆರಿಕಕ್ಕೆ 2020 ನವೆಂಬರಲ್ಲಿ ಬಂತು, ನಮಗೆ 2021 ಫೆಬ್ರವರಿ 2ಕ್ಕೆ. 2024 ನವೆಂಬರಲ್ಲಿ ಪಿಎಸ್5 ಪ್ರೊ (ಅದರದ್ದೇ ಜೋರಿನ ಮಾಡೆಲ್) ಬಂದಾಗಂತೂ ನಮ್ಮನ್ನ ಬಿಟ್ಟೇ ಹೋದ್ರು, ಅದರೊಳಗಿನ ವೈಫೈ 7 ಬಳಸೋ 6 ಗಿಗಾಹರ್ಟ್ಸ್ ಬ್ಯಾಂಡಿಗೆ ಇಲ್ಲಿ ಪರ್ಮಿಷನ್ ಇರ್ಲಿಲ್ಲ ಅಂತ.

ಹೊಸ ಮೆಷಿನ್ ಬಂದ್ಬಿಟ್ರೂ ಹಳೇದು ಮಾರನೇ ದಿನ ಸಾಯಲ್ಲ. ಗಾಡ್ ಆಫ್ ವಾರ್ ರಾಗ್ನರಾಕ್ 2022ರಲ್ಲಿ ಬಂದಾಗ ಪಿಎಸ್5 ಬಂದು ಎರಡು ವರ್ಷ ಆಗಿತ್ತು, ಆದ್ರೂ ಪಿಎಸ್4ಗೂ ಕೊಟ್ರು. ಎಲ್ರೂ ಬಾಯಿ ಬಿಟ್ಕೊಂಡು ಕಾಯ್ತಿರೋ ಜಿಟಿಎ 6, 2026 ನವೆಂಬರ್ 19 ಅಂತ ಡೇಟ್ ಕೊಟ್ಟಿದಾರಲ್ಲ, ಅದೂ ಈಗಿನ ಪಿಎಸ್5 ಮತ್ತೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗೇ. ಹಂಗಾಗಿ ಕಾಯ್ಬೇಡಿ. ಸೆಕೆಂಡ್ಸ್ ತಗೊಳಿ, ಡಿಸ್ಕ್ ಹಾಕೋ ಮಾಡೆಲ್ಲೇ ತಗೊಳಿ.

ಡಿಸ್ಕ್ ಯಾಕೆ ಅಂದ್ರೆ ನಮ್ ಲೆಕ್ಕ ಬೇರೆ. ಹೊಸ ದೊಡ್ಡ ಗೇಮ್ ಒಂದಕ್ಕೆ ನಾಲ್ಕೈದು ಸಾವಿರ. ನಾವು ನಾಲ್ಕು ಜನ ಫ್ರೆಂಡ್ಸ್ ಒಬ್ಬೊಬ್ಬ ಒಂದೊಂದು ತಗೊಂಡು ಮುಗಿದ ಮೇಲೆ ಕೈ ಬದಲಾಯಿಸ್ತೀವಿ, ಎಲ್ರೂ ಆಡಾದ ಮೇಲೆ ಬೆಂಗಳೂರಿಗೆ ಹೋಗೋನು ಯಾರಾದ್ರೂ ನ್ಯಾಷನಲ್ ಮಾರ್ಕೆಟಲ್ಲಿ ಕೊಟ್ಟು ಬರ್ತಾನೆ. ಡಿಜಿಟಲ್ಲಲ್ಲಿ ತಗೊಂಡ್ರೆ ಮಾರೋ ಹಂಗೂ ಇಲ್ಲ, ಸಾಲ ಕೊಡೋ ಹಂಗೂ ಇಲ್ಲ. ಡೌನ್‌ಲೋಡ್ ಬೇರೆ: ನೂರು ಜಿಬಿ ಗೇಮು 50 ಎಂಬಿಪಿಎಸ್ ಲೈನಲ್ಲಿ ಪೂರ್ತಿ ಸ್ಪೀಡ್ ಸಿಕ್ಕರೂ ನಾಲ್ಕೂವರೆ ಗಂಟೆ, ಅಷ್ಟರಲ್ಲಿ ಮನೇಲಿ ಸೀರಿಯಲ್ ನೋಡೋರು ನೆಟ್ ಯಾಕೆ ಸುತ್ತುತ್ತಿದೆ ಅಂತ ಮೂರು ಸಲ ಕೇಳಿರ್ತಾರೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನಂಗಿಷ್ಟ ಇಲ್ಲದೇ ಇರೋದಕ್ಕೂ ಇದೇ ಕಾರಣ, ಡಿಸ್ಕ್ ಡ್ರೈವೇ ಇಲ್ಲ, ಶುರುವಿನ ಮಾಡೆಲಲ್ಲಿ ಜಾಗ 512 ಜಿಬಿ, ಪೂರ್ತಿ ಗೇಮ್ ಪಾಸ್ (ತಿಂಗಳ ದುಡ್ಡು ಕಟ್ಟಿ ಗೇಮ್ ಆಡೋ ಸ್ಕೀಮು) ಮೇಲೆ ಬದುಕ್ಬೇಕು, ಆ ಗೇಮ್ ಪಾಸ್ ಅಲ್ಟಿಮೇಟು ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್ ಇದ್ದಿದ್ದು 2025 ಅಕ್ಟೋಬರಲ್ಲಿ 29.99 ಆಯ್ತು. ಬಾಡಿಗೆ ಮನೆ ಇದ್ದಂಗೆ, ಓನರ್ ಯಾವಾಗ ಏರಿಸ್ತಾನೋ ಗೊತ್ತಿಲ್ಲ. ನಿಂಟೆಂಡೊದವರ ಸ್ವಿಚ್ 2 ಚೆನ್ನಾಗಿದೆ, ಚಿಕ್ಕ ಮಕ್ಳಿರೋ ಮನೆಗೆ ಒಳ್ಳೇದು, ಆದ್ರೆ ನಿಂಟೆಂಡೊ ಇಲ್ಲಿ ಅಫಿಶಿಯಲ್ಲಾಗಿ ಮಾರಲ್ಲ, ಹೊರಗಿಂದ ತಂದಿದ್ದು ಕೆಟ್ರೆ ನಿಮ್ ಪಾಡು ನಿಮ್ದು, ಹಳೇ ಮೆಮೊರಿ ಕಾರ್ಡ್ ಹಾಕೋಣ ಅಂದ್ರೂ ಗೇಮ್ ಇಡೋಕೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು.

ಈಗ ನೋಡೋಕೆ ಹೋಗೋದು. ಇಲ್ಲಿ ಅವಸರ ಮಾಡಿ ನಾನು ಕೆಟ್ಟಿದೀನಿ. ನನ್ ಮೊದಲ್ನೇದು ಬಟವಾಡಿ ಕಡೆ ಒಬ್ರ ಮನೇಲಿ ರಾತ್ರಿ ಒಂಬತ್ತಕ್ಕೆ ಹೋಗಿ ತಗೊಂಡಿದ್ದು, ಅವರು ಡೌನ್‌ಲೋಡ್ ಮಾಡಿಟ್ಟಿದ್ದ ಒಂದು ಗೇಮ್ ಓಡಿಸಿ ತೋರಿಸಿದ್ರು, ಸೂಪರ್ ಅಂತ ದುಡ್ಡು ಕೊಟ್ಟು ಬಂದೆ. ಮನೇಲಿ ಡಿಸ್ಕ್ ಹಾಕಿದ್ರೆ ಕರ್ರ್ ಕರ್ರ್ ಅಂದು ವಾಪಸ್ ಉಗಿದುಬಿಡ್ತು. ಬೆಳಿಗ್ಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಬೇರೆ ಡ್ರೈವ್ ಹಾಕ್ಸಿದ್ರಾಯ್ತು ಅನ್ಕೊಂಡೆ, ಆಗ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಹಳೇ ಪಿಎಸ್5ನಲ್ಲಿ ಡಿಸ್ಕ್ ಡ್ರೈವಿಗೂ ಮದರ್‌ಬೋರ್ಡಿಗೂ ಗಂಟು ಹಾಕಿರ್ತಾರೆ, ಬೇರೇದು ತಂದು ಹಾಕಿದ್ರೆ ಡಿಸ್ಕ್ ಓದಲ್ಲ, ಹಳೇ ಡ್ರೈವಿನ ಸಣ್ಣ ಬೋರ್ಡನ್ನ ಬಿಚ್ಚಿ ಹೊಸದಕ್ಕೆ ಕೂರಿಸ್ಬೇಕು. ಅದು ಗೊತ್ತಿರೋ ರಿಪೇರಿಯವರು ಸಿಗೋಷ್ಟರಲ್ಲಿ ಬೆಂಗಳೂರಿಗೆ ಮೂರು ಸಲ ಟ್ರೈನ್ ಹತ್ತಿದೆ.

ಅದಕ್ಕೆ ಹಗಲು ಹೊತ್ತಲ್ಲೇ ಹೋಗಿ. ಮುಂಚೆನೇ ಫೋನಲ್ಲಿ "ಸರ್, ನಾನು ಬರೋವರೆಗೂ ಆನ್ ಮಾಡ್ಬೇಡಿ" ಅಂತ ಹೇಳಿ, ಕೆಲವು ತೊಂದರೆ ತಣ್ಣಗಿದ್ದಾಗ ಆನ್ ಮಾಡಿದ್ರೇನೇ ಕಾಣೋದು. ಜೊತೆಗೆ ಒಂದು ಪಿಎಸ್4 ಡಿಸ್ಕು, ಒಂದು ಪಿಎಸ್5 ಡಿಸ್ಕು, ನಿಮ್ದೇ ಎಚ್‌ಡಿಎಂಐ ಕೇಬಲ್, ಟಾರ್ಚ್ ಇರ್ಲಿ.

ಆನ್ ಮಾಡೋ ಮುಂಚೆ ಬಿಳೀ ಕವರ್ ತೆಗೆಸಿ. ಸ್ಕ್ರೂ ಏನಿಲ್ಲ, ಮೂಲೆ ಎತ್ತಿ ಜಾರಿಸಿದ್ರೆ ಬರುತ್ತೆ. ಒಳಗೆ ಧೂಳು ಸೇರ್ಲಿ ಅಂತಾನೇ ಸೋನಿಯವರು ಎರಡು ತೂತು ಬಿಟ್ಟಿದಾರೆ, ಟಾರ್ಚ್ ಬಿಟ್ಟು ನೋಡಿ. ಬಿ.ಎಚ್. ರೋಡ್ ಪಕ್ಕದ ಮನೆ ಆದ್ರೆ ಸ್ವಲ್ಪ ಕೆಂಪು ಧೂಳು ಇದ್ದೇ ಇರುತ್ತೆ, ಅದು ತಪ್ಪಲ್ಲ, ಆದ್ರೆ ಹಳೇ ಹಾಸಿಗೆ ಹತ್ತಿ ಥರ ಗಟ್ಟಿಯಾಗಿ ಕೂತಿದ್ರೆ ಅವರು ಒಂದು ದಿನಾನೂ ಕವರ್ ತೆಗೆದಿಲ್ಲ ಅಂತ ಅರ್ಥ. ಫ್ಯಾನ್ ಸುತ್ತ ಇರೋ ಸ್ಕ್ರೂ ತಲೆ ಸವೆದಿದ್ರೆ ಯಾರೋ ಬಿಚ್ಚಿದಾರೆ. ಯಾಕೆ ಅಂತ ಕೇಳಿ. ಇದರ ಚಿಪ್ ಮೇಲೆ ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್ ಇರೋದು, ಗೊತ್ತಿಲ್ಲದೋರು ಕೈ ಹಾಕಿದ್ರೆ ಅದು ಹರಿದು ಬೋರ್ಡೇ ಹೋಗುತ್ತೆ. ಉತ್ತರ ತಡವರಿಸಿದ್ರೆ ಟೀ ಕುಡಿದು ಎದ್ದು ಬನ್ನಿ.

ಹಿಂದಿನ ಎಚ್‌ಡಿಎಂಐ ಪೋರ್ಟ್ ಒಳಗೂ ಟಾರ್ಚ್ ಬಿಡಿ, ಪಿನ್ ಎಲ್ಲಾ ಸಾಲಾಗಿರ್ಬೇಕು. ನಿಮ್ ಕೇಬಲ್ ಹಾಕಿ, ಆನ್ ಮಾಡಿ, ಮೆಲ್ಲಗೆ ಅಲ್ಲಾಡಿಸಿ, ಟಿವಿ ಕಣ್ಣು ಮಿಟುಕಿಸಿದ್ರೆ ಬೇಡ. ಆಮೇಲೆ ಡಿಸ್ಕ್ ಹಾಕಿ ತೆಗೆದು, ಹಾಕಿ ತೆಗೆದು, ಮೂರು ಸಲ (ನನ್ ಹೊಟ್ಟೆ ಉರಿ ನಿಮಗೆ ಗೊತ್ತಲ್ಲ). ಡಿಸ್ಕಿಂದ ಅರ್ಧ ಮುಕ್ಕಾಲು ಗಂಟೆ ಆಡಿ, ಹಿಂದೆ ಕೈ ಇಟ್ರೆ ಬಿಸಿ ಗಾಳಿ ಧಾರಾಳವಾಗಿ ಬರ್ಬೇಕು. ಫ್ಯಾನ್ ಜೋರಾಗಿ ಕೂಗ್ತಿದೆ ಆದ್ರೆ ಗಾಳಿ ಬರ್ತಿಲ್ಲ ಅಂದ್ರೆ ಒಳಗೆ ಕಟ್ಕೊಂಡಿದೆ.

ಕಂಟ್ರೋಲರ್ ನೋಡೋಕೆ ಆಸ್ಟ್ರೋಸ್ ಪ್ಲೇರೂಮ್ ಅನ್ನೋ ಗೇಮ್ ಸಾಕು, ಎಲ್ಲಾ ಪಿಎಸ್5ನಲ್ಲೂ ಬಂದೇ ಇರುತ್ತೆ, ಟ್ರಿಗರ್ ಬಿಗಿ ಆಗೋದು, ಮೈಕ್‌ಗೆ ಊದೋದು ಎಲ್ಲಾ ಅದರಲ್ಲೇ ಗೊತ್ತಾಗುತ್ತೆ. ಸ್ಟಿಕ್ ಮುಟ್ಟದೇ ಬೊಂಬೆ ತಾನಾಗೇ ನಡೀತಿದ್ರೆ ಡ್ರಿಫ್ಟ್ ಇದೆ. ಹೊಸ ಕಂಟ್ರೋಲರ್ ಐದಾರ್ ಸಾವಿರ, ಅಷ್ಟು ಕಡಿಮೆ ಮಾಡಿಸ್ಕೊಳಿ.

ಕೊನೆಗೆ ಫೋನ್ ಹಾಟ್‌ಸ್ಪಾಟ್ ಕೊಟ್ಟು ನಿಮ್ ಅಕೌಂಟಲ್ಲೇ ಲಾಗಿನ್ ಆಗಿ, ಸ್ಟೋರ್ ಓಪನ್ ಆಗುತ್ತಾ ನೋಡಿ. ಸೋನಿಯವರು ಬ್ಯಾನ್ ಮಾಡಿರೋ ಮೆಷಿನ್ ಆದ್ರೆ ಇಲ್ಲೇ ಸಿಕ್ಕಿಬೀಳುತ್ತೆ. ಬಾಕ್ಸ್ ಮೇಲಿನ ಸೀರಿಯಲ್ ನಂಬರು ಮೆಷಿನ್ ಮೇಲಿನದೂ ಒಂದೇನಾ ನೋಡಿ, ಬಿಲ್ ಕೇಳಿ. ಅವರ ಅಕೌಂಟಿನ ಕನ್ಸೋಲ್ ಶೇರಿಂಗ್ (ಅವರ ಗೇಮ್ ಆ ಮೆಷಿನಲ್ಲಿ ಬೇರೆಯವರೂ ಆಡೋಕೆ ಬಿಡೋ ಸೆಟ್ಟಿಂಗ್) ಆಫ್ ಮಾಡ್ಸಿ, ನಿಮ್ ಎದುರಿಗೇ ರೀಸೆಟ್ ಹೊಡೆಸಿ. ರೇಟು: 2021ರಲ್ಲಿ ಡಿಸ್ಕ್ ಮಾಡೆಲ್ 49,990, 2024ರಲ್ಲಿ ಸ್ಲಿಮ್ (ಪಿಎಸ್5ದೇ ತೆಳು ಮಾಡೆಲ್) 54,990ಕ್ಕೆ ಬಂತು. ಹೊಸದರ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ನಾನಂತೂ ಕೊಡಲ್ಲ, ಬಿಲ್ ಇಲ್ದಿದ್ರೆ ಅರ್ಧ. ಸ್ಲಿಮ್‌ನ ಬಿಚ್ಚಿ ಹಾಕೋ ಡ್ರೈವ್ ಬೇರೆ ಮಾರ್ತಿದ್ರೆ ನೆನಪಿರ್ಲಿ, ಮೊದಲ ಸಲ ಜೋಡಿಸೋಕೆ ಇಂಟರ್ನೆಟ್ ಬೇಕು.

ಮನೆಗೆ ತರೋವಾಗ ಡಿಸ್ಕ್ ಈಚೆ ತೆಗೆದು ಬಾಕ್ಸಲ್ಲಿ ಹಾಕ್ಕೊಂಡು ಬನ್ನಿ, ನಮ್ ಹಂಪುಗಳ ಮೇಲೆ ಸುಮ್ನೆ ಬೈಕಿನ ಟ್ಯಾಂಕ್ ಮೇಲೆ ಇಟ್ಕೊಂಡು ಬರ್ಬೇಡಿ. ಹಳೇದರಲ್ಲಿ 825 ಜಿಬಿ ಅಂತಾರೆ, ಕೈಗೆ ಸಿಗೋದು 667 ಅಷ್ಟೇ. ಸಾಲದೇ ಬಂದಾಗ ಎಂ.2 ಎಸ್‌ಎಸ್‌ಡಿ ಹಾಕ್ಕೋಬಹುದು, ಜೆನ್ 4ರದ್ದು, ಹೀಟ್‌ಸಿಂಕ್ ಇರೋದು, ಅಗ್ಗ ಅಂತ ಜೆನ್ 3 ತಂದ್ರೆ ನಡೆಯಲ್ಲ.

ಇನ್ನು ಕರೆಂಟು. ರೆಸ್ಟ್ ಮೋಡಲ್ಲಿ (ಪೂರ್ತಿ ಆಫ್ ಆಗದೇ ಅರ್ಧ ನಿದ್ದೇಲಿರೋದು) ಬಿಟ್ಟು ಮಲಗ್ಬೇಡಿ, ರಾತ್ರಿ ಕರೆಂಟ್ ಹೋದ್ರೆ ಬೆಳಿಗ್ಗೆ ಸ್ಟೋರೇಜ್ ರಿಪೇರಿ ಅಂತ ಶುರು ಮಾಡುತ್ತೆ. ಪೂರ್ತಿ ಆಫ್ ಮಾಡಿ, ಪ್ಲಗ್ಗೂ ಆಫ್ ಮಾಡಿ. ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದೆ ಇಕೋ, ಯುಪಿಎಸ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತೆ ಎಷ್ಟೋದ್ರಲ್ಲಿ, ಇಕೋದಲ್ಲಿದ್ರೆ ಫ್ಯಾನ್ ಲೈಟಿಗೆ ಗೊತ್ತಾಗಲ್ಲ ಆದ್ರೆ ಪಿಎಸ್5 ಆಫ್ ಆಗಿ ಆನ್ ಆಗುತ್ತೆ, ಯುಪಿಎಸ್ ಕಡೆ ತಿರುಗಿಸಿ. ಸೈನ್ ವೇವ್ ಇನ್ವರ್ಟರ್ ಆಗಿರ್ಬೇಕು. ಆಡೋವಾಗ ಸುಮಾರು 200 ವ್ಯಾಟ್ ಎಳೆಯುತ್ತೆ, ಟಿವಿದು ಬೇರೆ, ಅದಕ್ಕೆ ಕರೆಂಟ್ ಹೋದ ತಕ್ಷಣ ಸೇವ್ ಮಾಡಿ ನಿಲ್ಲಿಸಿ, ಬ್ಯಾಟರಿ ಪೂರ್ತಿ ನೀವೇ ಕುಡಿದು ಆಮೇಲೆ ಅಮ್ಮನ ಹತ್ರ ಫ್ಯಾನ್ ಯಾಕೆ ನಿಂತೋಯ್ತು ಅಂತ ಬೈಸ್ಕೋಬೇಡಿ.