ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಯಲ್ಲಿ ಬಾಡಿಗೆಮನೆ: ನನ್ನ ಅನುಭವ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಹುಡುಕುತ್ತಿದ್ದೇವೆ ಅಂತ ಯಾರಾದರೂ ಹೇಳಿದರೆ ನಾನು ಕೊಡುವ ಮೊದಲ ಸಲಹೆ ಒಂದೇ. ಮನೆಯ ಒಳಗೆ ಹೋಗುವ ಮುಂಚೆ, ಅಲ್ಲಿಗೆ ಹತ್ತಿರದ ದಿನಸಿ ಅಂಗಡಿಯಲ್ಲಿ ಹಾಲು, ಅಕ್ಕಿ, ತರಕಾರಿ ಕೊಳ್ಳಿ. ಆ ಚೀಲ ಹಿಡಿದು ಮನೆತನಕ ನಡೆಯಿರಿ. ಕಿಟಕಿಯಿಂದ ಕೊಲ್ಲಿ ಕಾಣುತ್ತದೋ ಇಲ್ಲವೋ ಆಮೇಲೆ ನೋಡಿದರಾಯಿತು.

ಈ ಊರು ಉದ್ದಗಲ ಸುಮಾರು ಏಳೇಳು ಮೈಲಿ, ಅಷ್ಟೇ. ಮೂರು ಕಡೆ ನೀರು. ಅಷ್ಟರೊಳಗೆ ನಲವತ್ತಕ್ಕೂ ಹೆಚ್ಚು ಗುಡ್ಡಗಳು. ಎಲ್ಲಕ್ಕಿಂತ ಎತ್ತರದ ಮೌಂಟ್ ಡೇವಿಡ್‌ಸನ್ ಸಮುದ್ರಮಟ್ಟದಿಂದ ಸುಮಾರು 283 ಮೀಟರ್. ಘಟ್ಟದ ಸೀಮೆಯಿಂದ ಬಂದವರಿಗೆ ಇದೇನು ಮಹಾ ಎತ್ತರ ಅನ್ನಿಸಬಹುದು. ಆದರೆ ಘಟ್ಟದಲ್ಲಿ ರಸ್ತೆ ಸುತ್ತಿ ಬಳಸಿ ಹತ್ತುತ್ತದೆ, ಇಲ್ಲಿ ಹಾಗಿಲ್ಲ. 1847ರಲ್ಲಿ ಜಾಸ್ಪರ್ ಓಫಾರೆಲ್ ಎಂಬ ಸರ್ವೆಯರು ಊರಿನ ನಕ್ಷೆ ಹಾಕಿದಾಗಲೂ ಬೀದಿಗಳು ಚೌಕಾಕಾರದ ನೇರ ಗೀಟುಗಳೇ ಆದವು. ಮಧ್ಯೆ ಗುಡ್ಡ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಒಂದೇ ಹೆಸರಿನ ಬೀದಿ ಈ ಬ್ಲಾಕಿನಲ್ಲಿ ಮಟ್ಟಸವಾಗಿದ್ದು ಮುಂದಿನ ಬ್ಲಾಕಿನಲ್ಲಿ ನೆಟ್ಟಗೆ ಎದ್ದು ನಿಲ್ಲುತ್ತದೆ. ನಾವಿರುವ ಬರ್ನಲ್ ಹೈಟ್ಸ್‌ನಲ್ಲೇ ಬ್ರಾಡ್‌ಫರ್ಡ್ ಅನ್ನುವ ಬೀದಿಯ ಒಂದು ತುಣುಕು ನೂರು ಅಡಿ ಮುಂದೆ ಹೋಗುವಷ್ಟರಲ್ಲಿ 41 ಅಡಿ ಮೇಲೇರುತ್ತದೆ. ಕೆಲವು ಬೀದಿಗಳಲ್ಲಿ ಫುಟ್‌ಪಾತಿಗೇ ಮೆಟ್ಟಿಲು ಕಡಿದಿದ್ದಾರೆ.

ಬಾಡಿಗೆ ಯಾಕಿಷ್ಟು ಅನ್ನುವುದಕ್ಕೂ ಅರ್ಧ ಉತ್ತರ ಇದೇ ನೆಲದಲ್ಲಿದೆ. ಹರಡಲು ಜಾಗವಿಲ್ಲ. ಮೇಲಕ್ಕೆ ಕಟ್ಟೋಣವೆಂದರೆ ಹೆಚ್ಚಿನ ವಸತಿ ಬೀದಿಗಳಲ್ಲಿ ದಶಕಗಳ ಕಾಲ 40 ಅಡಿ ಎತ್ತರದ ಮಿತಿ ಇತ್ತು. ಕೆಲಸಕ್ಕೆ ಬರುವವರು ಮಾತ್ರ ಬರುತ್ತಲೇ ಇದ್ದರು. 2018ರಲ್ಲಿ ಅಮೆರಿಕದ ವಸತಿ ಇಲಾಖೆ, ವರ್ಷಕ್ಕೆ 1,17,400 ಡಾಲರ್ ದುಡಿಯುವ ನಾಲ್ವರ ಕುಟುಂಬವನ್ನು ಇಲ್ಲಿ ಕಡಿಮೆ ಆದಾಯದ ಪಟ್ಟಿಗೆ ಸೇರಿಸಿತು. ದಾವಣಗೆರೆಯಲ್ಲಿ ನಮ್ಮ ಮಾವನವರು ಆ ಸುದ್ದಿ ಓದಿ, ಅಂಕಿ ತಪ್ಪಾಗಿ ಅಚ್ಚಾಗಿರಬೇಕು ಅಂತ ಫೋನ್ ಮಾಡಿದ್ದರು.

ನಾವು ಸನ್ನಿವೇಲ್‌ನಿಂದ ಇಲ್ಲಿಗೆ ಬಂದದ್ದು 2020ರ ಕೊನೆಯಲ್ಲಿ. ಸಾಂಕ್ರಾಮಿಕದ ಹೆದರಿಕೆಗೆ, ಮನೆಯಿಂದಲೇ ಕೆಲಸ ಮಾಡುವ ಅನುಕೂಲಕ್ಕೆ, ಜನ ಊರು ಬಿಟ್ಟು ಹೋಗುತ್ತಿದ್ದ ಕಾಲ. ಎಲ್ಲ ಕಡೆ ಬಾಡಿಗೆ ಬೋರ್ಡು. ನನ್ನ ಕೆಲಸ ನಗರದಲ್ಲಿ, ಯಜಮಾನರದು ವಾರಕ್ಕೆರಡು ದಿನ ಸನ್ನಿವೇಲ್ ಇರುವ ದಕ್ಷಿಣ ಕೊಲ್ಲಿಯ ಕಡೆ. ಬಾಡಿಗೆ ಕುಸಿದ ಹೊತ್ತಿಗೆ ಮನೆ ಹಿಡಿದರೆ ಮುಂದೆಯೂ ಆ ಲಾಭ ಉಳಿಯುತ್ತದೆ ಅನ್ನುವುದು ನಮಗೆ ಗೊತ್ತಿತ್ತು. ಯಾಕೆಂದರೆ ಇಲ್ಲಿನ ಬಾಡಿಗೆ ನಿಯಂತ್ರಣ ಕಾನೂನು 1979ರದು. ಆ ವರ್ಷದ ಜೂನ್ 13ಕ್ಕೆ ಮುಂಚೆ ವಾಸಯೋಗ್ಯ ಪ್ರಮಾಣಪತ್ರ ಪಡೆದ, ಎರಡು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವಾದರೆ, ಮಾಲೀಕರು ಬಾಡಿಗೆಯನ್ನು ವರ್ಷಕ್ಕೆ ಏರಿಸುವ ಪ್ರಮಾಣ ಹಣದುಬ್ಬರ ದರದ ಶೇ. 60ನ್ನು ಮೀರುವಂತಿಲ್ಲ. 2025ರ ಮಾರ್ಚ್‌ನಿಂದ ಒಂದು ವರ್ಷಕ್ಕೆ ಆ ಮಿತಿ ಶೇ. 1.4 ಇತ್ತು. ಆದರೆ ಒಂಟಿ ಮನೆ ಮತ್ತು ಕಾಂಡೋಗಳಿಗೆ, ಅಂದರೆ ಒಂದೊಂದಕ್ಕೂ ಬೇರೆ ಬೇರೆ ಮಾಲೀಕರಿರುವ ಫ್ಲಾಟುಗಳಿಗೆ, ಸಾಮಾನ್ಯವಾಗಿ ಈ ಮಿತಿ ಅನ್ವಯಿಸುವುದಿಲ್ಲ. 1995ರ ರಾಜ್ಯ ಕಾನೂನೊಂದು ಅವನ್ನು ಹೊರಗಿಟ್ಟಿದೆ. ಹೊಳೆಯುವ ಹೊಸ ಅಪಾರ್ಟ್‌ಮೆಂಟಿಗೂ ಇಲ್ಲ.

ಹಾಗಾಗಿ ನಾವು ನೋಡಿದ ಪ್ರತಿ ಮನೆಗೂ ಮೊದಲು ಕಟ್ಟಿದ ವರ್ಷ ಹುಡುಕಿದೆವು. ನಗರದ ಯೋಜನಾ ಇಲಾಖೆಯ ಆಸ್ತಿ ನಕ್ಷೆಯಲ್ಲಿ ವಿಳಾಸ ಹಾಕಿದರೆ ಕಟ್ಟಡದ ಜಾತಕವೆಲ್ಲ ಸಿಗುತ್ತದೆ, ದುಡ್ಡೇನೂ ಇಲ್ಲ. ಹೊಸ ಅಡುಗೆಮನೆ, ಡಿಶ್‌ವಾಷರ್ ಇದ್ದ ಎರಡು ಮನೆಗಳನ್ನು ಬಿಟ್ಟು, ಕಿರ್‌ಗುಟ್ಟುವ ಮರದ ನೆಲದ, ಹಳೆಯ ಮೂರು ಮನೆಗಳ ಕಟ್ಟಡದ ಮಧ್ಯದ ಮನೆ ಹಿಡಿದೆವು. ಬಟ್ಟೆ ಒಗೆಯುವ ಮೆಶಿನ್ ಕೆಳಗೆ ಗ್ಯಾರೇಜಿನಲ್ಲಿ, ಮೂವರಿಗೂ ಸೇರಿ ಒಂದು. ಆ ಆಯ್ಕೆ ಇವತ್ತಿಗೂ ನಮ್ಮನ್ನು ಈ ಊರಿನಲ್ಲಿ ಉಳಿಸಿದೆ. 2025ರಲ್ಲಿ ಎಐ ಕಂಪನಿಗಳ ಭರಾಟೆಗೆ ಬಾಡಿಗೆಗಳು ಮತ್ತೆ ಮೇಲೆ ಹೋದವು. ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ 3,000 ಡಾಲರ್ ದಾಟಿದ್ದು ಮಾಮೂಲು ಮಾತಾಯಿತು. ನಮ್ಮದು ಇದ್ದಲ್ಲೇ ಇದೆ.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ಅಗ್ಗದ ಬಾಡಿಗೆ ನಮ್ಮನ್ನು ಕಟ್ಟಿಹಾಕಿಯೂ ಇದೆ. ಮಗಳು ಬೆಳೆದಿದ್ದಾಳೆ, ಓದುವ ಮೇಜು ಹಾಲ್‌ನ ಮೂಲೆಯಲ್ಲಿದೆ. ಇನ್ನೊಂದು ಕೋಣೆ ಬೇಕು. ಆದರೆ ಈ ಮನೆ ಬಿಟ್ಟ ದಿನವೇ ಮಾರುಕಟ್ಟೆಯ ದರ ನಮ್ಮ ಮೇಲೆ ಬೀಳುತ್ತದೆ. ಎಷ್ಟೋ ಕುಟುಂಬಗಳು ಹೀಗೆ ಜಾಗ ಸಾಕಾಗದ ಮನೆಯಲ್ಲಿ ವರ್ಷಗಟ್ಟಲೆ ಹೊಂದಿಸಿಕೊಂಡು ಕೂತಿವೆ.

ಇನ್ನು ಗುಡ್ಡದ ವಿಷಯ. ತುದಿಯಲ್ಲೂ ಬೇಡ, ಬುಡದಲ್ಲೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ತುದಿಯ ಮನೆಗೆ ನೋಟದ ಬೆಲೆ ಸೇರುತ್ತದೆ, ಗಾಳಿಯ ಹೊಡೆತವೂ ಹೆಚ್ಚು. ಬುಡದಲ್ಲಿ ಹೆದ್ದಾರಿಯ ಸದ್ದು. ನಾವು ಹುಡುಕಿದ್ದು ಮಟ್ಟಸವಾದ ಅಂಗಡಿಬೀದಿಗೆ ಹತ್ತಿರದ, ಬಸ್ಸು ಹತ್ತಿ ಬರುವ ಇಳಿಜಾರು. ಬರ್ನಲ್‌ನಲ್ಲಿ ಕಾರ್ಟ್‌ಲ್ಯಾಂಡ್ ಅವೆನ್ಯೂ ಹಾಗಿದೆ. ಗುಡ್ಡದ ತೊಡೆಯ ಮೇಲೆ ಅಂಗಡಿ, ಲೈಬ್ರರಿ, ಬೇಕರಿ ಎಲ್ಲ ಸಾಲಾಗಿವೆ. 24ನೇ ನಂಬರಿನ ಬಸ್ಸು ಅದರ ಮೇಲೇ ಓಡುತ್ತದೆ. ತಲೆಯ ಮೇಲಿನ ತಂತಿಯಿಂದ ಕರೆಂಟು ತೆಗೆದುಕೊಂಡು ಓಡುವ ಬಸ್ಸು ಅದು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಎಳೆಯುವ ಶಕ್ತಿ ಇರುವುದರಿಂದ ತುಂಬಿದ ಬಸ್ಸೂ ಕಡಿದಾದ ಏರಿನಲ್ಲಿ ಏದುಸಿರು ಬಿಡದೆ ಹೊರಡುತ್ತದೆ. ಇದೇ ಏರುಗಳಿಗೆ ಕುದುರೆಗಳು ಸೋತದ್ದರಿಂದಲೇ 1873ರಲ್ಲಿ ಕ್ಲೇ ಬೀದಿಯಲ್ಲಿ ಆಂಡ್ರ್ಯೂ ಹ್ಯಾಲಿಡಿ ನೆಲದಡಿಯ ಹಗ್ಗದಿಂದ ಎಳೆಸಿಕೊಳ್ಳುವ ಕೇಬಲ್ ಕಾರು ಓಡಿಸಿದ್ದು.

67ನೇ ಬಸ್ಸು ಗುಡ್ಡ ಇಳಿದು 24ನೇ ಬೀದಿಯ ಬಾರ್ಟ್ ರೈಲು ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿಂದ ರೈಲು ಹಿಡಿದರೆ ಫ್ರೀಮಾಂಟ್, ಮಿಲ್ಪಿಟಾಸ್. ಉದ್ದಿನಬೇಳೆ, ಹುರಿಗಡಲೆ, ಜೋಳದ ಹಿಟ್ಟು ಅಲ್ಲಿಂದ ಬರಬೇಕು. ಕನ್ನಡ ಕೂಟದ ಕಾರ್ಯಕ್ರಮ, ಮಕ್ಕಳ ಕನ್ನಡ ಕಲಿಕೆ, ಯುಗಾದಿ ಊಟ ಬಹುತೇಕ ಆ ಕಡೆಯೇ. ಅಷ್ಟು ದೂರ ಹೋಗಿಬರುವುದು ನನಗೆ ನಿಜಕ್ಕೂ ಭಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕನ್ನಡದ ಮನೆಗಳು ಒಂದಕ್ಕೊಂದು ದೂರ, ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪ.

ಕಾರನ್ನು ಮೊದಲ ವರ್ಷ ಇಟ್ಟುಕೊಂಡಿದ್ದೆವು. ಏರಿನ ತುದಿ ತಲುಪುವಾಗ ಮುಂದಿನ ಗಾಜಿನಲ್ಲಿ ಬರೀ ಆಕಾಶ ಕಾಣುತ್ತದೆ, ಅಡ್ಡ ಬರುವವರು ಕಾಣುವುದಿಲ್ಲ. ನಿಲ್ಲಿಸುವಾಗ ಚಕ್ರ ತಿರುಗಿಸಿಡುವುದು ಇಲ್ಲಿ ಕಾನೂನು: ಇಳಿಜಾರಿಗೆ ಮುಖ ಮಾಡಿದ್ದರೆ ಮುಂದಿನ ಚಕ್ರ ಫುಟ್‌ಪಾತಿನ ಕಡೆಗೆ, ಏರಿಗೆ ಮುಖ ಮಾಡಿದ್ದರೆ ಫುಟ್‌ಪಾತಿನಿಂದ ಆಚೆಗೆ ತಿರುಗಿಸಿ, ಟೈರಿನ ಹಿಂಭಾಗ ಅಂಚಿನ ಕಲ್ಲಿಗೆ ಮೆಲ್ಲಗೆ ತಾಗುವತನಕ ಗಾಡಿಯನ್ನು ಹಿಂದಕ್ಕೆ ಬಿಡಬೇಕು. ಆಮೇಲೆ ಹ್ಯಾಂಡ್ ಬ್ರೇಕು. ಬೀದಿ ನೂರಡಿಗೆ ಮೂರಡಿಗಿಂತ ಹೆಚ್ಚು ಏರಿದ್ದರೂ ಸಾಕು, ಹೀಗೆ ಮಾಡದಿದ್ದರೆ ದಂಡದ ಚೀಟಿ. ಬೀದಿ ಗುಡಿಸುವ ದಿನ ಗಾಡಿ ಸರಿಸದಿದ್ದರೆ ಇನ್ನೊಂದು ಚೀಟಿ. ಸೀಟಿನ ಮೇಲೆ ಬ್ಯಾಗು ಬಿಟ್ಟರೆ ಗಾಜು ಒಡೆಯುತ್ತಾರೆ, ಹಾಗಾಗಿ ಏನನ್ನೂ ಬಿಡಬಾರದು. ವಿಮೆ, ಪೆಟ್ರೋಲು, ಚೀಟಿ ಎಲ್ಲ ಕೂಡಿಸಿ ನೋಡಿ ಕಾರು ಮಾರಿದೆವು. ಬೇಕಾದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಇಷ್ಟು ದುಬಾರಿ ಊರಿನಲ್ಲಿ ನಾವು ಉಳಿಸಿದ ದೊಡ್ಡ ಮೊತ್ತ ಇದೇ.

ದುಡ್ಡು ಕೊಡದೆ ಸಿಗುವುದನ್ನೂ ಹೇಳಬೇಕು. ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ನಗರದ ಬಸ್ಸು ಪುಕ್ಕಟೆ. ಊರಿನ ಪ್ರತಿ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಪಾರ್ಕು ಇದೆ. ಸಿಟಿ ಕಾಲೇಜಿನಲ್ಲಿ 2017ರಲ್ಲಿ ನಗರವಾಸಿಗಳಿಗೆ ಬೋಧನಾ ಶುಲ್ಕ ತೆಗೆದಿದ್ದರು. ನಾನು ಅಲ್ಲಿ ಸಂಜೆ ತರಗತಿಗೆ ಹೋಗಿ ಸ್ಪ್ಯಾನಿಷ್ ಕಲಿತೆ. ಅದು ಮಿಷನ್ ಬೀದಿಯ ಮೆಕ್ಸಿಕನ್ ಅಂಗಡಿಗಳಲ್ಲಿ ಉಪಯೋಗಕ್ಕೆ ಬಂತು. ಆ ಅಂಗಡಿಗಳು ಇಲ್ಲದಿದ್ದರೆ ನಮ್ಮ ಅಡುಗೆ ಸೊರಗುತ್ತಿತ್ತು. ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಣಸೆ, ಬಾಳೆಕಾಯಿ, ತೆಂಗಿನಕಾಯಿ, ಬಾಳೆ ಎಲೆ ಕೂಡ. ಸೀಮೆಬದನೆ ಅಂತೂ ರಾಶಿ ರಾಶಿ, ಅದರ ತವರೇ ಆ ಕಡೆ. ಶನಿವಾರ ಗುಡ್ಡದ ಬುಡದಲ್ಲಿ ಅಲೆಮನಿ ರೈತರ ಸಂತೆ, 1943ರಲ್ಲಿ ಶುರುವಾದದ್ದು. ಹಾಗಲಕಾಯಿ, ಅಲಸಂದೆ ಕಾಯಿ ಅಲ್ಲಿ ಸೂಪರ್‌ಮಾರ್ಕೆಟಿಗಿಂತ ಕಡಿಮೆಗೆ ಸಿಗುತ್ತವೆ. ಹೋಗುವಾಗ ಇಳಿಜಾರು, ಬರುವಾಗ ತುಂಬಿದ ಚೀಲ. ಭುಜಕ್ಕೆ ಹಾಕುವ ಬೆನ್ನುಚೀಲವೇ ಸರಿ. ಚಕ್ರದ ತಳ್ಳುಗಾಡಿ ಮೆಟ್ಟಿಲಿನಲ್ಲಿ ಕೈಕೊಡುತ್ತದೆ.

ಗುಡ್ಡ ನಮಗೆ ಬಿಸಿಲನ್ನೂ ಕೊಟ್ಟಿದೆ. ಬೇಸಿಗೆಯಲ್ಲಿ ಒಳನಾಡು ಕಾದಾಗ ತಣ್ಣನೆಯ ಕಡಲ ಮೇಲಿಂದ ಮಂಜು ಊರೊಳಗೆ ನುಗ್ಗುತ್ತದೆ. ಟ್ವಿನ್ ಪೀಕ್ಸ್, ಮೌಂಟ್ ಡೇವಿಡ್‌ಸನ್ ಅದನ್ನು ಪಶ್ಚಿಮದಲ್ಲೇ ತಡೆಯುತ್ತವೆ. ಕಡಲಿಗೆ ಹತ್ತಿರದ ಸನ್‌ಸೆಟ್ ಬಡಾವಣೆಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ಸ್ವೆಟರ್ ಬೇಕಾದ ಹೊತ್ತಿಗೆ ನಮ್ಮ ಪೂರ್ವದ ಇಳಿಜಾರಿನಲ್ಲಿ ಬಿಸಿಲು ಬಿದ್ದಿರುತ್ತದೆ. ಹಾಗಂತ ದೋಸೆ ಹಿಟ್ಟು ಹುದುಗುವಷ್ಟು ಬೆಚ್ಚಗೆ ಯಾವ ತಿಂಗಳೂ ಇಲ್ಲ. ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ ಅದರ ದೀಪ ಮಾತ್ರ ರಾತ್ರಿಯಿಡೀ ಉರಿಸುತ್ತೇನೆ. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿರುತ್ತದೆ. ಭೂಕಂಪದ ಮಟ್ಟಿಗೂ ಬಂಡೆಯ ನೆಲ ಮೇಲು; 1989ರಲ್ಲಿ ಹೆಚ್ಚು ಪೆಟ್ಟು ತಿಂದ ಮರೀನಾ ಬಡಾವಣೆ ನೀರು ತುಂಬಿದ ಜಾಗಕ್ಕೆ ಮಣ್ಣು ಹಾಕಿ ಕಟ್ಟಿದ್ದು. ನೀರಿನ ಕ್ಯಾನು, ಟಾರ್ಚು, ಔಷಧಿ ಬಾಗಿಲ ಪಕ್ಕ ಇಟ್ಟೇ ಇದ್ದೇವೆ.

ಮಾವನವರು ಬಂದಾಗ ನನಗಿದ್ದ ದೊಡ್ಡ ಚಿಂತೆ ಅವರ ಮೊಣಕಾಲು. ಬಸ್ಸಿನಲ್ಲಿ ಮೇಲೆ ಬಂದು, ನಡೆಯುವುದನ್ನೆಲ್ಲ ಇಳಿಜಾರಿಗೆ ಇಟ್ಟುಕೊಳ್ಳಿ ಅಂತ ದಾರಿ ಹಾಕಿಕೊಟ್ಟೆವು. ಅವರು ಕೆಲವು ದಿನ ನಡೆದು ನೋಡಿ ಅದನ್ನು ತಲೆಕೆಳಗು ಮಾಡಿದರು. “ಹತ್ತೋದು ದಮ್ಮು ಕೇಳ್ತತಿ, ಇಳಿಯೋದು ಮೊಣಕಾಲು ಕೇಳ್ತತಿ, ನೋಡಮ್ಮ. ದಮ್ಮಿಗೆ ಕೂತು ಸುಧಾರಿಸ್ಕೋಬೋದು” ಅಂದರು. ನಿಜ, ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು. ಅಲ್ಲಿಂದ ಮುಂದೆ ಅವರು ನಿಧಾನಕ್ಕೆ ಹತ್ತುತ್ತಿದ್ದರು, ನಡುವೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಇಳಿಯಲು ಬಸ್ಸು ಹಿಡಿಯುತ್ತಿದ್ದರು. ಹಾಗೆ ಕೂತ ಮೆಟ್ಟಿಲಿನಿಂದಲೇ ಬೀದಿಯ ಅರ್ಧ ಜನ ಅವರಿಗೆ ಪರಿಚಯವಾದರು. ನಮ್ಮ ಅತ್ತೆಗೆ ಮಾತ್ರ ಅದು ಆಗಲಿಲ್ಲ. ಕಾರ್ಟ್‌ಲ್ಯಾಂಡ್‌ವರೆಗೆ ಹೋಗಿಬರುವುದಕ್ಕೂ ನಾನು ಮನೆಗೆ ಬರುವುದನ್ನು ಕಾಯುತ್ತಿದ್ದರು. ವಯಸ್ಸಾದವರನ್ನು ಏರುಬೀದಿ ಮನೆಯಲ್ಲೇ ಕೂರಿಸಿಬಿಡುತ್ತದೆ. ಎಷ್ಟು ಚಂದದ ನೋಟವಿದ್ದರೂ ಇದಕ್ಕೆ ಪರಿಹಾರವಲ್ಲ.

ಎಲ್ಲಕ್ಕಿಂತ ನೋವು ಕೊಡುವುದು ಜನ ಬಿಟ್ಟುಹೋಗುವುದು. ಅಮೆರಿಕದ ದೊಡ್ಡ ನಗರಗಳ ಪೈಕಿ ಮಕ್ಕಳ ಪ್ರಮಾಣ ಅತಿ ಕಡಿಮೆ ಇರುವುದು ಇಲ್ಲೇ. ಎರಡನೇ ಮಗು ಹುಟ್ಟಿದರೆ, ಮನೆ ಹತ್ತಿರದ ಶಾಲೆ ಸಿಗದಿದ್ದರೆ, ಮಾಲೀಕರು ಮನೆ ಮಾರಿದರೆ, ಕುಟುಂಬ ಸ್ಯಾಕ್ರಮೆಂಟೋ ಕಡೆಗೋ ಟ್ರೇಸಿಗೋ ಹೊರಡುತ್ತದೆ. ಮಗಳ ಮೊದಲ ಗೆಳತಿಯ ಮನೆಯವರು ಹಾಗೇ ಹೋದರು. ತಂದೆ ಹೋಟೆಲಿನಲ್ಲಿ ಅಡುಗೆಯವರು, ತಾಯಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ನಗರಕ್ಕೆ ಬೇಕಾದ ಕೆಲಸ ಮಾಡುವವರಿಗೇ ನಗರದಲ್ಲಿ ಜಾಗವಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ. ಹೊಸ ಮನೆ ಕಟ್ಟುವ ಪ್ರಸ್ತಾವ ನಮ್ಮ ಬಡಾವಣೆಗೆ ಬಂದಾಗಲೆಲ್ಲ ನಾನು ಸಭೆಗೆ ಹೋಗಿ ಪರವಾಗಿ ಮಾತಾಡುತ್ತೇನೆ, ನಮ್ಮ ಕಿಟಕಿಯ ನೋಟ ಹೋದರೂ ಸರಿ.

ಈಚೆಗೆ ಸಾಂಟಾ ಕ್ಲಾರಾದ ಕನ್ನಡದ ಕುಟುಂಬವೊಂದು ನಮ್ಮ ಬೀದಿಯಲ್ಲೇ ಮನೆ ನೋಡಲು ಬಂದಿತ್ತು, ಜೊತೆಗೆ ಅವರ ತಾಯಿ. ಚೀಲ ಕೊಟ್ಟು ಎಲ್ಲರನ್ನೂ ನಡೆಸಿದೆ. ತಾಯಿ ಎರಡು ಕಡೆ ಕಂಬ ಹಿಡಿದು ನಿಂತರು. ಈ ಮನೆ ಬೇಡ, ಗ್ಲೆನ್ ಪಾರ್ಕ್ ನಿಲ್ದಾಣದ ಸುತ್ತ ಮಟ್ಟಸವಾದ ಬ್ಲಾಕುಗಳಿವೆ, 1979ಕ್ಕಿಂತ ಹಳೆಯ ಕಟ್ಟಡ ನೋಡಿ ಅಂದೆ. ಒಂದು ಮನೆ ಒಪ್ಪಿಗೆಯಾಗಿದೆಯಂತೆ. ಕರಾರುಪತ್ರ ನನಗೆ ಕಳಿಸಿದ್ದಾರೆ, ಬಾಡಿಗೆ ಏರಿಕೆಯ ಕಲಮು ಓದಿ ಹೇಳಬೇಕು.