ಕೆಟ್ಟ ವಾಲ್ವ್ ಜಾಗಕ್ಕೆ ನಮ್ದೇ ಇನ್ನೊಂದು ವಾಲ್ವ್: ಹೇಗೆ ಹಾಕ್ತಾರೆ?

ಶಿರಸಿಯಿಂದ ನೆಂಟರೊಬ್ರು ಫೋನ್ ಮಾಡಿದ್ರು. ಮಗನ ಅಯೋರ್ಟಿಕ್ ವಾಲ್ವಿಗೆ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ನಾಳ ಅಯೋರ್ಟಾದ ಬಾಗಿಲು) ಹುಟ್ಟಿನಿಂದ್ಲೇ ಮೂರರ ಬದ್ಲು ಎರಡೇ ಎಸಳು, ಈಗ ಪೂರ್ತಿ ಬಿಗಿದುಬಿಟ್ಟಿದೆ, ಡಾಕ್ಟ್ರು ಅವನದೇ ಪಲ್ಮನರಿ ವಾಲ್ವ್ (ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗೋ ಬಾಗಿಲು) ತೆಗೆದು ಅಲ್ಲಿ ಹಾಕೋ ಮಾತಾಡ್ತಿದಾರೆ, ಹಾಗಾದ್ರೆ ಆ ಜಾಗ ಖಾಲಿ ಆಗಲ್ವಾ ಅಂತ ಕೇಳಿದ್ರು. ಕೇಳಬೇಕಾದ ಪ್ರಶ್ನೇನೇ ಅದು.

ಇದಕ್ಕೆ ರಾಸ್ ಆಪರೇಷನ್ ಅಂತಾರೆ, 1967ರಲ್ಲಿ ಲಂಡನ್ನಿನ ಸರ್ಜನ್ ಡೊನಾಲ್ಡ್ ರಾಸ್ ಶುರು ಮಾಡಿದ್ದು. ಮೊದ್ಲು ಎದೆಮೂಳೆ ಬಿಡಿಸಿ, ರಕ್ತವನ್ನ ಹಾರ್ಟ್-ಲಂಗ್ ಮಷೀನಿಗೆ ತಿರುಗಿಸಿ ಹೃದಯ ನಿಲ್ಲಿಸ್ತಾರೆ. ಕೆಟ್ಟ ವಾಲ್ವ್ ಕತ್ತರಿಸ್ತಾರೆ, ಹೃದಯಕ್ಕೇ ರಕ್ತ ಕೊಡೋ ಎರಡು ಕೊರೊನರಿ ನಾಳಗಳ ಬಾಯನ್ನ ಸುತ್ತಲಿನ ಗೋಡೆ ಸಮೇತ ಅಂಗಿ ಗುಂಡಿಯಷ್ಟಗಲ ಬಿಡಿಸಿ ಇಟ್ಕೊಳ್ತಾರೆ. ಆಮೇಲೆ ಪಲ್ಮನರಿ ವಾಲ್ವನ್ನ ಅದರ ನಾಳದ ತುಂಡಿನ ಜೊತೆಗೇ ಎತ್ತಬೇಕು. ತುಂಬಾ ನಾಜೂಕಿನ ಕೆಲ್ಸ ಇದೇ, ಯಾಕಂದ್ರೆ ಹೃದಯದ ನಡುಗೋಡೆಗೆ ರಕ್ತ ಕೊಡೋ ಸಣ್ಣ ನಾಳ ಅಲ್ಲೇ ಬೆನ್ನಿಗೆ ಅಂಟಿಕೊಂಡಂಗಿರತ್ತೆ. ಎತ್ತಿದ್ದನ್ನ ಅಯೋರ್ಟಾ ಜಾಗದಲ್ಲಿ ಹೊಲಿದು ಕೊರೊನರಿಗಳನ್ನ ಅದಕ್ಕೆ ಜೋಡಿಸ್ತಾರೆ. ಖಾಲಿಯಾದ ಜಾಗಕ್ಕೆ ಸಾಮಾನ್ಯವಾಗಿ ತೀರಿಕೊಂಡ ದಾನಿಯ ವಾಲ್ವ್ ಬರತ್ತೆ.

ಇಷ್ಟು ಕಷ್ಟ ಯಾಕೆ? ಲೋಹದ ವಾಲ್ವ್ ಹಾಕಿದ್ರೆ ರಕ್ತ ಹೆಪ್ಪುಗಟ್ಟದಂಗೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ, ಪದೇಪದೇ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅನ್ನೋ ಲೆಕ್ಕ). ಒಂದು ವಾರ ದಿನಾ ಬಸಳೆ, ಹರಿವೆ ಅಂತ ತಿಂದು ಮುಂದಿನ ವಾರ ಬಿಟ್ರೂ ಆ ಲೆಕ್ಕ ಏರುಪೇರಾಗತ್ತೆ. ಘಟ್ಟದ ಒಳಗಿನ ಮನೆಗಳಿಂದ ಲ್ಯಾಬಿಗೆ ಓಡಾಡೋದು ನೆನೆಸ್ಕೊಳ್ಳಿ. ಮುಂದೆ ಬಸಿರಾಗಬೇಕಾದ ಹೆಣ್ಮಕ್ಕಳಿಗೆ ಆ ಮಾತ್ರೆ ಇನ್ನೂ ದೊಡ್ಡ ಚಿಂತೆ. ನಮ್ದೇ ವಾಲ್ವಿಗೆ ಅದು ಬೇಡ, ಮಕ್ಕಳಲ್ಲಿ ಮೈ ಬೆಳೆದಂಗೆ ಅದೂ ಬೆಳೆಯತ್ತೆ.

ಆದ್ರೆ ಒಂದು ವಾಲ್ವಿನ ಕಾಯಿಲೆಗೆ ಎರಡು ವಾಲ್ವಿಗೆ ಕೈಹಾಕಿದಂಗಾಯ್ತು, ಇದನ್ನ ಯಾರೂ ಮರೀಬಾರ್ದು. ಶ್ವಾಸಕೋಶದ ಕಡೆ 25ರ ಆಸುಪಾಸಿನ ಪ್ರೆಶರ್ ಕಂಡ ವಾಲ್ವು ಈಗ 120 ತಡ್ಕೋಬೇಕು, ಕೆಲವರಲ್ಲಿ ವರ್ಷ ಕಳೆದಂಗೆ ಹಿಗ್ಗಿ ಸೋರತ್ತೆ, ದಾನಿ ವಾಲ್ವೂ ಸವೆಯತ್ತೆ. ವಾತಜ್ವರದಿಂದ ವಾಲ್ವ್ ಕೆಟ್ಟ ಎಳೆಯರಲ್ಲಿ ಹೊಸ ಜಾಗದಲ್ಲೂ ಅದೇ ಕಾಯಿಲೆ ಹಿಡಿಯಬಹುದು.

ಹಾಗಾಗಿ ಸರ್ಜನ್ ಹತ್ರ ನಾಚಿಕೆ ಬಿಟ್ಟು ಕೇಳಿ: ಈ ಆಪರೇಷನ್ ನೀವು ಎಷ್ಟು ಮಾಡಿದೀರಿ, ದಾನಿ ವಾಲ್ವ್ ಸಿಗತ್ತಾ, ಮತ್ತೆ ಆಪರೇಷನ್ ಬೇಕಾದ್ರೆ ಏನು ದಾರಿ? ಮನೆಗೆ ಬಂದ್ಮೇಲೆ ಎಕೋ (ಹೃದಯದ ಸ್ಕ್ಯಾನ್) ತಪ್ಪಿಸ್ಬೇಡಿ, ಹಲ್ಲು ಕೀಳಿಸೋಕೆ ಹೋದ್ರೂ ಕುರ್ಚಿ ಮೇಲೆ ಕೂರೋ ಮೊದ್ಲೇ ವಾಲ್ವ್ ಆಪರೇಷನ್ ಆಗಿದೆ ಅಂತ ಹೇಳಿ, ಬಾಯಿಂದ ರಕ್ತಕ್ಕೆ ಸೇರಿದ ಸೋಂಕು ವಾಲ್ವಿಗೆ ಹತ್ತಬಹುದು.