ಗಿಡದ ಹೊತ್ತಿಗೆ ನೀವು ಹೋಗಬೇಕು

"ಅತ್ತೆ, ಕುಂಬಳದ ಹೀಚು ಹೆಬ್ಬೆರಳಷ್ಟು ಆಗುತ್ತೆ, ಆಮೇಲೆ ಹಳದಿ ತಿರುಗಿ ಉದುರಿಬಿಡುತ್ತೆ. ಏನು ಹಾಕಲಿ?" ನಾದಿನಿ ಮಗಳು ಫೋನ್ ಮಾಡಿದಾಗಲೆಲ್ಲ ಇದೇ ಮಾತು. ಅವಳೊಬ್ಬಳೇ ಅಲ್ಲ, ಈಗಿನ ಹುಡುಗ ಹುಡುಗಿಯರೆಲ್ಲ ಹೀಗೇ. ಹೀಚು ಉದುರಿದರೆ ಏನು ಹಾಕಲಿ, ಎಲೆ ಬಾಡಿದರೆ ಏನು ಹಾಕಲಿ, ಹೂ ಬಿಡದಿದ್ದರೆ ಏನು ಹಾಕಲಿ. ತಂದು ಸುರಿಯುವುದೇ ತೋಟದ ಕೆಲಸ ಅಂದುಕೊಂಡಿದ್ದಾರೆ. ಬಳ್ಳಿ ಹತ್ತಿರ ಯಾವಾಗ ಹೋಗ್ತೀಯಮ್ಮ ಎಂದು ಕೇಳಿದರೆ, "ಭಾನುವಾರ ಮಧ್ಯಾಹ್ನ, ಬಿಡುವಾದಾಗ" ಅಂತಾಳೆ. ಮಧ್ಯಾಹ್ನದ ಹೊತ್ತಿಗೆ ಕುಂಬಳದ ಹೂ ಮುದುಡಿ ಎಷ್ಟು ಹೊತ್ತಾಗಿರುತ್ತೆ!

ಗಿಡಕ್ಕೆ ಅದರದ್ದೇ ಹೊತ್ತಿದೆ. ನಿಮ್ಮ ಬಿಡುವು ಅದಕ್ಕೆ ಬೇಕಿಲ್ಲ. ಅದರ ಹೊತ್ತಿಗೆ ನೀವು ಹೋಗಿ ನಿಂತರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ತೋಟ ಇಟ್ಟುಕೊಂಡ ಸುಖವೂ ಆ ಹೊತ್ತಿನಲ್ಲೇ ಸಿಗುವುದು.

ಮಣ್ಣು ಹದ ಮಾಡುವುದು, ಗೊಬ್ಬರ ಬೆರೆಸುವುದು ನಿಮಗೆ ಗೊತ್ತಿದ್ದೇ ಇರುತ್ತದೆ, ಅದನ್ನು ಬಿಡುತ್ತೇನೆ. ಬೀಜದ ಬಗ್ಗೆ ಒಂದೇ ಮಾತು, ಅದನ್ನು ಆಳಕ್ಕೆ ಹೂಳಬೇಡಿ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರರಷ್ಟು ಮಣ್ಣು ಮೇಲಿದ್ದರೆ ಸಾಕು. ಸೊಪ್ಪಿನ ಬೀಜವಾದರೆ ಉದುರಿಸಿ, ಮೇಲೊಂದು ಸಲ ಅಂಗೈ ಆಡಿಸಿದರೆ ಮುಗಿಯಿತು. ಒತ್ತೊತ್ತಾಗಿ ಹುಟ್ಟಿದರೆ ನಡುನಡುವೆ ಕಿತ್ತು ಜಾಗ ಮಾಡಿಕೊಡಿ. ಅಯ್ಯೋ ಪಾಪ ಎಂದು ಎಲ್ಲವನ್ನೂ ಉಳಿಸಿಕೊಂಡರೆ ಒಂದೂ ಉದ್ಧಾರ ಆಗುವುದಿಲ್ಲ.

ಟೊಮೇಟೊ ಸಸಿಯನ್ನು ಮಾತ್ರ ಧೈರ್ಯವಾಗಿ ಆಳಕ್ಕೆ ನೆಡಿ. ಕೆಳಗಿನ ಎಲೆ ಚಿವುಟಿ, ಅರ್ಧ ಕಾಂಡ ಮಣ್ಣಿನೊಳಗೆ ಹೋಗಲಿ. ಒಳಗೆ ಹೋದ ಕಾಂಡದಿಂದಲೂ ಬೇರು ಒಡೆಯುತ್ತದೆ, ಗಿಡ ಗಟ್ಟಿಯಾಗುತ್ತದೆ. ಬದನೆ, ಮೆಣಸಿನಕಾಯಿಗೆ ಅದು ಬೇಡ, ಮೊದಲು ಎಷ್ಟು ಮಟ್ಟಕ್ಕೆ ಇದ್ದವೋ ಅಷ್ಟಕ್ಕೇ ನೆಡಿ. ನೆಡುವುದು ಸಂಜೆಯೇ ಆಗಬೇಕು, ರಾತ್ರಿಯ ತಂಪಿನಲ್ಲಿ ಸಸಿ ಸುಧಾರಿಸಿಕೊಳ್ಳುತ್ತದೆ. ಆಸರೆಯ ಕೋಲನ್ನೂ ಅವತ್ತೇ ಊರಿಬಿಡಿ. ಗಿಡ ಬಗ್ಗಿದ ಮೇಲೆ ಕೋಲು ತಂದು ಚುಚ್ಚುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅಷ್ಟು ಹೊತ್ತಿಗೆ ಬೇರು ಹರಡಿರುತ್ತದೆ, ಕೋಲು ಅದನ್ನೇ ಸೀಳಿಕೊಂಡು ಹೋಗುತ್ತದೆ.

ನೀರಿನ ವಿಷಯಕ್ಕೆ ಬಂದರಂತೂ ದಿನಾ ಜಗಳ. ಸಂಜೆ ಪೈಪು ಹಿಡಿದು ಎಲೆ ಮೇಲೆಲ್ಲ ಚಿಮುಕಿಸಿ, ಫೋಟೊ ತೆಗೆದು ಒಳಗೆ ಹೋಗುತ್ತಾರೆ. ಮಣ್ಣು ಕೆದಕಿ ನೋಡಿದರೆ ಒಂದು ಬೆರಳು ಕೆಳಗೆ ಒಣಗಿಕೊಂಡೇ ಇರುತ್ತದೆ. ಎಲೆ ರಾತ್ರಿಯೆಲ್ಲ ಒದ್ದೆಯಿದ್ದರೆ ರೋಗಕ್ಕೆ ನೀವೇ ಕರೆದಂತೆ. ಬೆಳಿಗ್ಗೆ ಹಾಕಿ. ಬುಡಕ್ಕೆ ಹಾಕಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ, ತಂಪು ತಾಕಿದರೆ ಅವತ್ತು ನೀರು ಬೇಡ. ಹಾಕಿದ ದಿನ ಮಾತ್ರ ಕಂಜೂಸಿ ಮಾಡದೆ, ನಿಧಾನಕ್ಕೆ ಇಂಗುವಷ್ಟು ಕೊಡಿ. ಬಳ್ಳಿಯ ದೊಡ್ಡ ಎಲೆಗಳು ಮಧ್ಯಾಹ್ನದ ಬಿಸಿಲಿಗೆ ಜೋತು ಬೀಳುತ್ತವೆ, ಅದನ್ನು ನೋಡಿ ಬಕೆಟ್ ಎತ್ತಿಕೊಂಡು ಓಡಬೇಡಿ. ಸಂಜೆಗೆ ತಾನೇ ನೆಟ್ಟಗಾಗುತ್ತದೆ. ಬೆಳಿಗ್ಗೆಯೂ ಜೋತಿದ್ದರೆ ಆಗ ಬೆರಳಿಳಿಸಿ ಮಣ್ಣು ನೋಡಿ. ಬುಡದ ಸುತ್ತ ತರಗೆಲೆ ದಪ್ಪಗೆ ಹರಡಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಟೊಮೇಟೊ ಕಾಯಿಯ ತಳ ಕಪ್ಪಾಗಿ ಕೊಳೆತಂತೆ ಆಗುತ್ತದಲ್ಲ, ಅದಕ್ಕೂ ಹೆಚ್ಚಿನ ಸಲ ನೀರೇ ಕಾರಣ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಿದರೆ ಮಣ್ಣಿನಲ್ಲಿರುವ ಸುಣ್ಣದ ಅಂಶ ಕಾಯಿಯವರೆಗೆ ತಲುಪುವುದೇ ಇಲ್ಲ. ಅದಕ್ಕೆ ಔಷಧಿ ಹೊಡೆದು ಏನು ಪ್ರಯೋಜನ?

ಈಗ ಕುಂಬಳದ ಹೀಚಿಗೆ ಬರೋಣ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಧಂಬರ್ಧ ಕೇಳಿಸಿಕೊಂಡು ಹೋಗಿ ಹೂವನ್ನೇ ಹಾಳು ಮಾಡಿದವರನ್ನು ನೋಡಿದ್ದೇನೆ.

ಮೊದಲು ಗಂಡುಹೂ ಯಾವುದು, ಹೆಣ್ಣುಹೂ ಯಾವುದು ಗೊತ್ತಾಗಬೇಕು. ಹೂವಿನ ಮುಖ ನೋಡಬೇಡಿ, ಹಿಂದೆ ನೋಡಿ. ಉದ್ದನೆಯ ತೆಳ್ಳಗಿನ ತೊಟ್ಟು ನೇರವಾಗಿ ಹೂವಿಗೆ ಸೇರಿದ್ದರೆ ಅದು ಗಂಡು. ಹೂವಿಗೂ ತೊಟ್ಟಿಗೂ ನಡುವೆ ಗೋಲಿಯಷ್ಟು ಪುಟ್ಟ ಕಾಯಿ ಕೂತಿದ್ದರೆ ಅದು ಹೆಣ್ಣು. ಬಳ್ಳಿ ಮೊದಮೊದಲು ಬರೀ ಗಂಡುಹೂವನ್ನೇ ಬಿಡುತ್ತದೆ. ಅವು ಅರಳುತ್ತವೆ, ಉದುರುತ್ತವೆ. ಅದನ್ನು ಕಂಡು ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಗೊಬ್ಬರ ಜಾಸ್ತಿಯಾದರೆ ಬಳ್ಳಿ ಎಲೆಯಲ್ಲೇ ಸೊಕ್ಕುತ್ತದೆ, ಹೆಣ್ಣುಹೂ ಇನ್ನೂ ತಡವಾಗುತ್ತದೆ. ಸುಮ್ನೆ ಕಾಯಿರಿ.

ಹೆಣ್ಣುಹೂ ಬಂದ ಮೇಲೆ, ಅದು ಅರಳಿಯೇ ಹೀಚು ಹಳದಿಯಾಗಿ ಬಿದ್ದರೆ ಮೊದಲ ಅನುಮಾನ ಇದೇ ಇರಲಿ: ಗಂಡುಹೂವಿನ ಪುಡಿ ಅದಕ್ಕೆ ತಲುಪಿಲ್ಲ. ಜೇನ್ನೊಣ ಬಂದರೆ ಅದೇ ಮಾಡಿಕೊಳ್ಳುತ್ತದೆ. ಮೇಲಿನ ಮಹಡಿಯ ಬಾಲ್ಕನಿಗೆ, ಸುತ್ತ ಹೂಗಿಡವೇ ಇಲ್ಲದ ಅಂಗಳಕ್ಕೆ ಅದು ಎಲ್ಲಿಂದ ಬರಬೇಕು? ಬಂದರೂ ನೀವು ಬೆಳಿಗ್ಗೆಯೇ ಔಷಧಿ ಹೊಡೆದು ಓಡಿಸಿರುತ್ತೀರಿ. ಆಗ ಆ ಕೆಲಸ ನಿಮ್ಮ ಕೈಗೇ ಬಂತು.

ಕೆಲಸ ಶುರುವಾಗುವುದು ಹಿಂದಿನ ಸಂಜೆ. ಬಳ್ಳಿಯ ಎಲೆ ಸರಿಸಿ ಮೊಗ್ಗುಗಳನ್ನು ನೋಡಿ. ನಾಳೆ ಅರಳುವ ಮೊಗ್ಗಿನ ತುದಿಗೆ ಹಸಿರು ಹೋಗಿ ಹಳದಿ ಬಂದಿರುತ್ತದೆ, ಎಸಳು ಇನ್ನೂ ತಿರುಚಿಕೊಂಡೇ ಇರುತ್ತದೆ. ಅಂಥ ಹೆಣ್ಣು ಮೊಗ್ಗಿನ ಪಕ್ಕದ ಬಳ್ಳಿಗೆ ಬಣ್ಣದ ದಾರದ ತುಂಡೊಂದನ್ನು ಸಡಿಲವಾಗಿ ಕಟ್ಟಿ. ಬೆಳಗಿನ ಮಬ್ಬಿನಲ್ಲಿ ಅಷ್ಟು ಎಲೆಗಳ ನಡುವೆ ಹುಡುಕುತ್ತಾ ಕೂತರೆ ಬಳ್ಳಿ ತುಳಿದು ಮುರಿಯುತ್ತೀರಿ, ಅದಕ್ಕೇ ಈ ದಾರ. ಗಂಡುಮೊಗ್ಗು ಎಲ್ಲೆಲ್ಲಿದೆ ಎಂದೂ ನೋಡಿಟ್ಟುಕೊಳ್ಳಿ.

ಬೆಳಕು ಹರಿಯುತ್ತಿದ್ದ ಹಾಗೆ ಹೋಗಿ. ಮುಖ ತೊಳೆದು, ಕುಡಿಯುವುದು ಕುಡಿದು, ಫೋನ್ ನೋಡಿ ಆಮೇಲೆ ಅನ್ನಬೇಡಿ. ಹೂ ಅರಳುವುದು ಒಂದೇ ಬೆಳಿಗ್ಗೆ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ, ಮತ್ತೆ ಬಿಚ್ಚುವುದಿಲ್ಲ. ಆಗಷ್ಟೇ ಅರಳಿದ ಗಂಡುಹೂವಿನ ನಡುವಿನ ಕಡ್ಡಿಗೆ ಬೆರಳ ತುದಿ ಮುಟ್ಟಿಸಿ. ಅರಿಶಿನದಂಥ ಪುಡಿ ಬೆರಳಿಗೆ ಅಂಟಿದರೆ ಅದು ಹದವಾಗಿದೆ. ಅಂಟದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ರಾತ್ರಿ ಮಳೆ ಬಂದು ಹೂವಿನೊಳಗೆ ನೀರು ನಿಂತಿದ್ದರೆ ಅದನ್ನು ಬಿಟ್ಟು, ಎಲೆಯ ಮರೆಯಲ್ಲಿ ಒಣಗಿಕೊಂಡಿರುವುದನ್ನು ಹುಡುಕಿ. ನೆನೆದ ಪುಡಿ ಕೆಲಸಕ್ಕೆ ಬರುವುದಿಲ್ಲ.

ಹದವಾದ ಗಂಡುಹೂವನ್ನು ಉದ್ದ ತೊಟ್ಟಿನ ಸಮೇತ ಕೀಳಿ. ಎಸಳನ್ನೆಲ್ಲ ಬುಡದಿಂದ ಹಿಂದಕ್ಕೆ ಸುಲಿದು ತೆಗೆಯಿರಿ. ಕೈಯಲ್ಲಿ ಪುಡಿ ಮೆತ್ತಿದ ಕಡ್ಡಿ ಮಾತ್ರ ಉಳಿಯಬೇಕು. ಈಗ ಹೆಣ್ಣುಹೂವಿನ ಎಸಳನ್ನು ಎಡಗೈ ಬೆರಳಿನಿಂದ ಮೆಲ್ಲಗೆ ಅಗಲಿಸಿ. ನಡುವೆ ದಪ್ಪಗೆ, ಸ್ವಲ್ಪ ಅಂಟಂಟಾಗಿ, ಮೂರು ಭಾಗವಾಗಿ ಒಡೆದಿರುವ ಗುಬುಟು ಕಾಣುತ್ತದೆ. ಕಡ್ಡಿಯನ್ನು ಆ ಮೂರಕ್ಕೂ ಸುತ್ತ ತಿರುಗಿಸುತ್ತಾ ಸವರಿ. ಒತ್ತಬೇಡಿ, ಉಜ್ಜಬೇಡಿ, ಪುಡಿ ಕೂತರೆ ಸಾಕು. ಒಂದು ಕಡೆ ಮಾತ್ರ ಸವರಿ ಎದ್ದು ಬರುವವರಿದ್ದಾರೆ. ಕೆಲವು ಬೀಜವಷ್ಟೇ ಕಟ್ಟಿ ಕಾಯಿ ಸೊಟ್ಟಗಾಗುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಒಂದು ಹೆಣ್ಣುಹೂವಿಗೆ ಎರಡು ಗಂಡುಹೂವಿನ ಪುಡಿ ಸವರುವುದು ನನ್ನ ಲೆಕ್ಕ. ಬಳ್ಳಿಯಲ್ಲಿ ಗಂಡುಹೂವಿಗೇನೂ ಬರವಿಲ್ಲ, ಅಲ್ವಾ?

ಆಮೇಲೆ ಅದನ್ನು ಮುಟ್ಟಿ ಮುಟ್ಟಿ ನೋಡುವುದು ಬೇಡ. ಕೆಲವೇ ದಿನದಲ್ಲಿ ಹೂ ಒಣಗಿ, ತೊಟ್ಟು ದಪ್ಪಗಾಗಿ, ಹೀಚು ಊದತೊಡಗುತ್ತದೆ. ಆಗ ಗೊತ್ತಾಗುತ್ತದೆ, ಹಾಕಬೇಕಾಗಿದ್ದದ್ದು ಏನೂ ಇರಲಿಲ್ಲ ಎಂದು.

ಎಲ್ಲ ಬಳ್ಳಿಗೂ ಬೆಳಗೇ ಆಗುವುದಿಲ್ಲ, ಇದನ್ನೂ ತಲೆಯಲ್ಲಿಟ್ಟುಕೊಳ್ಳಿ. ಕುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ ಇಳಿಹೊತ್ತಿಗೆ. ಸೋರೆ, ಪಡವಲ ಕತ್ತಲಾಗುವ ಹೊತ್ತಿಗೆ. ನಮ್ಮತ್ತೆ ಇದ್ದಾಗ ಹಿತ್ತಿಲಿನಲ್ಲಿ ದೊಡ್ಡ ಸೋರೆ ಚಪ್ಪರವಿತ್ತು. ಸಂಜೆ ಎಲ್ಲರ ಕೆಲಸ ಮುಗಿದ ಮೇಲೆ ಅವರು ಲಾಟೀನು ಹಿಡಿದು ಚಪ್ಪರದ ಕೆಳಗೆ ಹೋಗುತ್ತಿದ್ದರು, ನಾನು ಹಿಂದೆ. ಬಿಳಿ ಹೂಗಳು ಮಬ್ಬಿನಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಬೆಳಕಿಗೆ ರಾತ್ರಿ ಚಿಟ್ಟೆಗಳು ಬರುತ್ತಿದ್ದವು. ಆ ಹೂವಿಗೆ ಬರುವುದೂ ಅವೇ. ಅತ್ತೆ ಮಾತು ಕಡಿಮೆ. ಲಾಟೀನನ್ನು ನನ್ನ ಕೈಗೆ ಕೊಟ್ಟು, "ಇಲ್ಲಿ ಹಿಡಿ, ಇಲ್ಲಿ" ಎಂದು ಬೆರಳು ತೋರಿಸುತ್ತಿದ್ದರು, ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಜೊತೆ ಸಲಿಗೆಯಿಂದ ನಿಂತ ಜಾಗ ಅದೊಂದೇ. ಈಗ ಆ ಹೊತ್ತಿಗೆ ಎಲ್ಲರೂ ಟಿವಿ ಮುಂದೆ ಇರುತ್ತಾರೆ. ಆಮೇಲೆ ಸೋರೆಯಲ್ಲಿ ಕಾಯಿ ಕಚ್ಚಲಿಲ್ಲ ಎಂದು ಬೀಜದ ಮೇಲೆ ಗೂಬೆ ಕೂರಿಸುತ್ತಾರೆ.

ಹುಳದ ಮಾತು ಬೇಗ ಮುಗಿಸುತ್ತೇನೆ. ಎಲೆಯ ಕೆಳಗೆ ಸಣ್ಣ ಹೇನು ಮುತ್ತಿಕೊಂಡರೆ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ನೀರು ರಭಸವಾಗಿ ಬಿಟ್ಟು ತೊಳೆಯಿರಿ. ಬೆಳಿಗ್ಗೆಯೇ ತೊಳೆದರೆ ಬಿಸಿಲಿಗೆ ಎಲೆ ಒಣಗುತ್ತದೆ. ಕಾಂಡದ ಮೇಲೆ ಇರುವೆ ಸಾಲಾಗಿ ಹತ್ತುತ್ತಿದ್ದರೆ ಮೇಲೆ ಹೇನಿದೆ ಎಂದೇ ತಿಳಿಯಿರಿ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಯೇ ಅವನ್ನು ಕಾಯುತ್ತದೆ. ಹೇನಿನ ಮಧ್ಯೆ ಕಪ್ಪಗೆ, ಉದ್ದಕ್ಕೆ, ಮೈಮೇಲೆ ಕಿತ್ತಳೆ ಚುಕ್ಕಿಯಿರುವ ಆರು ಕಾಲಿನ ಹುಳವೊಂದು ಓಡಾಡುತ್ತಿದ್ದರೆ ದಯವಿಟ್ಟು ಹೊಸಕಬೇಡಿ. ಅದು ಗುಲಗಂಜಿ ಹುಳದ ಮರಿ. ನೋಡಲು ಚೆಂದವಿಲ್ಲ ಎಂದು ಎಷ್ಟು ಜನ ಅದನ್ನು ಕೊಂದಿದ್ದಾರೋ. ಅದು ತಿನ್ನುವುದೇ ಹೇನನ್ನು.

ಕೊಯ್ಯುವುದರಲ್ಲಿ ಸೋಮಾರಿತನ ಬೇಡ. ಬೆಂಡೆ ಹೂ ಉದುರಿ ನಾಲ್ಕೈದು ದಿನಕ್ಕೇ ಕೈಗೆ ಬರುತ್ತದೆ. ಇನ್ನೂ ದೊಡ್ಡದಾಗಲಿ ಎಂದು ಕಾದರೆ ನಾರಾಗುತ್ತದೆ. ಹುರುಳಿಕಾಯಿ, ಸೌತೆಯೂ ಅಷ್ಟೇ. ಗಿಡದ ಮೇಲೆ ಬಲಿಯಲು ಬಿಟ್ಟರೆ ಬೀಜವಾಯಿತಲ್ಲ ಎಂದು ಗಿಡ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಎಳೆಯದಾಗಿ ಕೊಯ್ದಷ್ಟೂ ಬಿಡುತ್ತಲೇ ಇರುತ್ತದೆ. ಸೋರೆಕಾಯಿ ಕೊಯ್ದ ಮೇಲೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ, ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿ ಎಸೆದುಬಿಡಿ. ಕಹಿ ಸೋರೆ ವಿಷ, ಬೇಯಿಸಿದರೂ ಹೋಗುವುದಿಲ್ಲ, ಅದರ ರಸ ಕುಡಿದು ಜೀವಕ್ಕೇ ಕುತ್ತಾದದ್ದಿದೆ.

ಕೈಯಿಂದ ಎಳೆದು ಕೀಳಬೇಡಿ, ಕತ್ತರಿಯಲ್ಲಿ ತೊಟ್ಟು ಕತ್ತರಿಸಿ. ಕೆಲಸವಾದ ಮೇಲೆ ಕತ್ತರಿಯನ್ನು ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಒಳಗಿಡಿ. ಅಡುಗೆಮನೆಯ ಚಾಕುವಿಗೂ ಇದೇ ಮರ್ಯಾದೆ ಕೊಡಿ. ಅದನ್ನು ಸಿಂಕಿನ ನೀರಿನಲ್ಲಿ ಪಾತ್ರೆಗಳ ಕೆಳಗೆ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಮೊಂಡಾಯಿತು ಎಂದು ಹೊಸದು ತರುವುದು ಯಾವ ಸಂಸಾರ? ತೊಳೆದ ಕೂಡಲೇ ಒರೆಸಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಕೈ ಹಾಕಿದವರ ಬೆರಳೂ ಉಳಿಯುತ್ತದೆ.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಅದನ್ನು ಹೂ ಅರಳುವ ಮೊದಲೇ ಯೋಚಿಸಬೇಕು. ಎರಡು ತರಹದ ಕುಂಬಳ ಅಕ್ಕಪಕ್ಕ ಇದ್ದರೆ ಜೇನು ಒಂದರ ಪುಡಿಯನ್ನು ಇನ್ನೊಂದಕ್ಕೆ ತರುತ್ತದೆ. ಈ ಸಲದ ಕಾಯಿಗೆ ಏನೂ ಆಗುವುದಿಲ್ಲ, ಒಳಗಿನ ಬೀಜ ಮಾತ್ರ ಬೆರಕೆಯಾಗಿರುತ್ತದೆ. ಹಿಂದಿನ ಸಂಜೆ ಗಂಡುಮೊಗ್ಗು, ಹೆಣ್ಣುಮೊಗ್ಗು ಎರಡರ ತುದಿಯನ್ನೂ ದಾರದಿಂದ ಕಟ್ಟಿಬಿಡಿ. ಬೆಳಿಗ್ಗೆ ಬಿಚ್ಚಿ ಸವರಿ, ಹೆಣ್ಣುಹೂವಿನ ಬಾಯಿಯನ್ನು ಮತ್ತೆ ಕಟ್ಟಿ. ಆ ಕಾಯಿಯ ತೊಟ್ಟಿಗೆ ಗುರುತಿನ ದಾರವೊಂದಿರಲಿ. ನಾಟಿ ತಳಿಗಾದರೆ ಮಾತ್ರ ಇಷ್ಟು ಪಾಡು ಪಡಿ. ಹೈಬ್ರಿಡ್ ಗಿಡದ ಬೀಜ ಮುಂದಿನ ಸಲ ಹಾಗೆಯೇ ಬರುತ್ತದೆ ಎಂದು ನಂಬುವ ಹಾಗಿಲ್ಲ. ಗುರುತು ಹಾಕಿದ ಕಾಯಿ ತೊಟ್ಟು ಒಣಗುವವರೆಗೆ ಬಳ್ಳಿಯಲ್ಲೇ ಇರಲಿ. ಕೊಯ್ದ ಮೇಲೂ ಕೆಲವು ವಾರ ಮೂಲೆಯಲ್ಲಿಟ್ಟು ಆಮೇಲೆ ಸೀಳಿ. ಬೀಜ ತೊಳೆದು ನೆರಳಲ್ಲಿ ಹರಡಿ ಒಣಗಿಸಿ. ಬಾಗಿಸಿದರೆ ಬಾಗದೆ ಪಟ್ಟನೆ ಮುರಿಯುವಷ್ಟು ಒಣಗಿರಬೇಕು.

ಬೆಳೆ ಮುಗಿದ ಮೇಲೆ ಹುರುಳಿಕಾಯಿ, ಅಲಸಂದೆ ಗಿಡಗಳನ್ನು ಬೇರು ಸಮೇತ ಕಿತ್ತು ಎಸೆಯಬೇಡಿ. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಅಲ್ಲೇ ಕರಗಲಿ. ಅದರ ಗಂಟುಗಳಲ್ಲಿ ಗಾಳಿಯಿಂದ ಹಿಡಿದಿಟ್ಟ ಸಾರಜನಕ ಇರುತ್ತದೆ. ರೋಗ ಬಂದ ಟೊಮೇಟೊ ಗಿಡವನ್ನು ಮಾತ್ರ ಬೇರು ಸಹಿತ ತೆಗೆದು ದೂರ ಹಾಕಿ, ಗೊಬ್ಬರದ ಗುಂಡಿಗೆ ಸೇರಿಸಬೇಡಿ. ಮುಂದಿನ ಸಲ ಅದೇ ಜಾಗಕ್ಕೆ ಟೊಮೇಟೊ, ಬದನೆ, ಮೆಣಸಿನಕಾಯಿ ಮೂರೂ ಬೇಡ, ಅವೆಲ್ಲ ಒಂದೇ ಮನೆತನ. ಅಲ್ಲಿ ಸೊಪ್ಪು ಹಾಕಿ, ಇಲ್ಲವೇ ಅಲಸಂದೆ.